ಲೂಪಸ್: ಮುಖದ ಕೆಂಪು ಇಳಿದ ಮೇಲೂ ಮೂತ್ರ, ಬಿಪಿ ನೋಡಿಸುವುದನ್ನು ಬಿಡಬೇಡಿ

ಮಾನ್ಯ ಸಂಪಾದಕರೇ,

2025ರ ಜೂನ್–ಜುಲೈನಲ್ಲಿ ಹಾಸನದಿಂದ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ರಾಜ್ಯವೆಲ್ಲ ಗಾಬರಿಗೊಂಡಿತ್ತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಸಿಗರೇಟು, ಶುಗರ್, ನಿದ್ದೆಗೇಡು, ಒತ್ತಡ, ಎಲ್ಲದರ ಮೇಲೂ ಚರ್ಚೆಯಾಯಿತು. ಆದರೆ ಮೂವತ್ತು, ಮೂವತ್ತೈದರ ಹೆಣ್ಣುಮಕ್ಕಳ ಹೃದಯದ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುವ ಲೂಪಸ್ ಎಂಬ ಕಾಯಿಲೆಯ ಹೆಸರು ಆ ಚರ್ಚೆಯಲ್ಲಿ ಕೇಳಿಬಂದದ್ದು ತೀರ ಕಡಿಮೆ. ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಗಾಗಿ, ಇಲ್ಲಿನ ಆರೋಗ್ಯ ಅಧಿಕಾರಿಗಳ ಗಮನಕ್ಕಾಗಿ ಈ ಪತ್ರ.

ವೈದ್ಯರ ಚೀಟಿಯಲ್ಲಿ ಇದನ್ನು ಎಸ್‌ಎಲ್‌ಇ ಎಂದು ಬರೆದಿರುತ್ತಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು. ಬಹುತೇಕರಿಗೆ 15ರಿಂದ 45 ವರ್ಷದ ನಡುವೆ ಶುರುವಾಗುತ್ತದೆ. ಮೂಗಿನ ಎರಡೂ ಬದಿ ಕೆನ್ನೆ ಕೆಂಪಾಗುವುದು, ಕೂದಲು ಉದುರುವುದು, ಬಾಯಿಹುಣ್ಣು, ಬೆರಳಿನ ಕೀಲು ಹಿಡಿದುಕೊಳ್ಳುವುದು, ಬಿಡದ ಜ್ವರ, ಏಳಲಾಗದಷ್ಟು ದಣಿವು ಎಲ್ಲರ ಕಣ್ಣಿಗೂ ಬೀಳುತ್ತವೆ. ಗುಳಿಗೆ ಶುರುವಾದ ಕೆಲವು ವಾರಗಳಲ್ಲಿ ಇವು ಇಳಿಯುತ್ತವೆ. ‘ಈಗ ಆರಾಮ ಅದಾಳ’ ಎಂದು ಮನೆಯವರು ದವಾಖಾನೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಕಿಡ್ನಿ, ಹೃದಯ ಕೆಡುವುದು ಹೆಚ್ಚಾಗಿ ಅಲ್ಲಿಂದ ಮುಂದಿನ ವರ್ಷಗಳಲ್ಲೇ.

ಕಾಯಿಲೆಯ ಉರಿಯೂತ ಬೇರೆ, ಅದು ಬಿಟ್ಟುಹೋಗುವ ಹಾನಿ ಬೇರೆ. ಉರಿಯೂತ ಔಷಧಕ್ಕೆ ಬಗ್ಗುತ್ತದೆ. ಹಾನಿ ಒಮ್ಮೆ ಆಯಿತೆಂದರೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಈ ಹಾನಿಯನ್ನು ಲೆಕ್ಕ ಹಾಕಲು ಲೂಪಸ್ ತಜ್ಞರು 1996ರಲ್ಲಿ ಒಂದು ಸೂಚ್ಯಂಕವನ್ನು ಪ್ರಕಟಿಸಿದರು. ಕಣ್ಣು, ಮಿದುಳು, ಕಿಡ್ನಿ, ಶ್ವಾಸಕೋಶ, ಹೃದಯ, ಮೂಳೆ ಸೇರಿ 12 ಅಂಗವ್ಯೂಹಗಳನ್ನು ಅದರಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಾದರೂ ಉಳಿದ ದೋಷವನ್ನು ಮಾತ್ರ ಹಾನಿ ಎಂದು ಎಣಿಸುತ್ತಾರೆ. ಕಾಯಿಲೆ ಶುರುವಾಗಿ ಹತ್ತು ವರ್ಷವಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಂದಲ್ಲ ಒಂದು ಅಂಗಕ್ಕೆ ಇಂಥ ಹಾನಿ ಆಗಿರುತ್ತದೆ. ಮೊದಲ ವರ್ಷಗಳ ಹಾನಿಗೆ ಕಾಯಿಲೆಯೇ ಮುಖ್ಯ ಕಾರಣ. ವರ್ಷಗಳು ಉರುಳಿದಂತೆ ಚಿಕಿತ್ಸೆಗೆ ಕೊಡುವ ಸ್ಟೆರಾಯ್ಡ್‌ನ ಪಾಲು ಹೆಚ್ಚುತ್ತಾ ಹೋಗುತ್ತದೆ.

ಮೊದಲು ಕಿಡ್ನಿ. ಲೂಪಸ್‌ನ ಪ್ರತಿಕಾಯಗಳು (ದೇಹದ ಮೇಲೆಯೇ ತಿರುಗಿಬೀಳುವ ರೋಗನಿರೋಧಕ ಪ್ರೋಟೀನುಗಳು) ಗಂಟುಗಂಟಾಗಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಹಾಕಿಕೊಂಡು ಉರಿಯೂತ ಎಬ್ಬಿಸುತ್ತವೆ. ಆಗ ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಇದರಿಂದ ನೋವಾಗುವುದಿಲ್ಲ. ಮೂತ್ರದಲ್ಲಿ ಬಿಡದ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಪಾದದಲ್ಲಿ ಬಾವು ಕಾಣುವ ಹೊತ್ತಿಗೆ ಸೋರಿಕೆ ಸಾಕಷ್ಟು ಮುಂದುವರಿದಿರುತ್ತದೆ. ‘ಕ್ರಿಯಾಟಿನಿನ್ ನಾರ್ಮಲ್ ಬಂದಿದೆ, ಕಿಡ್ನಿ ಚೆನ್ನಾಗಿದೆ’ ಎಂಬ ಸಮಾಧಾನವೂ ಇಲ್ಲಿ ಮೋಸ ಮಾಡುತ್ತದೆ. ಕ್ರಿಯಾಟಿನಿನ್ ಎಂದರೆ ಮಾಂಸಖಂಡದಿಂದ ರಕ್ತಕ್ಕೆ ಬಂದು ಕಿಡ್ನಿ ಸೋಸಿ ಹೊರಹಾಕುವ ಕಸ. ಕಿಡ್ನಿಯ ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೂ ಅದು ಏರದೆ ಇರಬಹುದು. ಮಾಂಸಖಂಡ ಕಡಿಮೆ ಇರುವ, 40 ಕಿಲೊ ತೂಕದ ತೆಳ್ಳಗಿನ ಹೆಣ್ಣುಮಗಳಲ್ಲಂತೂ ಆ ಅಂಕಿ ಇನ್ನೂ ಕಡಿಮೆಯೇ ತೋರಿಸುತ್ತದೆ. ಆದ್ದರಿಂದ ಲೂಪಸ್‌ನಲ್ಲಿ ಮೂತ್ರ ಪರೀಕ್ಷೆಯನ್ನು ಬಿಟ್ಟು ಬರೀ ರಕ್ತ ಪರೀಕ್ಷೆ ಮಾಡಿಸಿದರೆ ಸಾಲದು.

ಮೂತ್ರದ ಪಟ್ಟಿ ಪರೀಕ್ಷೆ ಅಗ್ಗದ್ದು, ಯಾವ ಆರೋಗ್ಯ ಕೇಂದ್ರದಲ್ಲಾದರೂ ಮಾಡಬಹುದಾದದ್ದು. ಆದರೆ ಸರಿಯಾಗಿ ಮಾಡಬೇಕು. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಶುದ್ಧ ಡಬ್ಬಿಗೆ ಹಿಡಿಯಬೇಕು. ಮುಟ್ಟಿನ ದಿನಗಳಲ್ಲಿ ಬೇಡ, ರಕ್ತ ಬೆರೆತು ತಪ್ಪು ಫಲಿತಾಂಶ ಬರುತ್ತದೆ. ಪಟ್ಟಿಯನ್ನು ಅದ್ದಿ ತೆಗೆದು, ಅಂಚನ್ನು ಡಬ್ಬಿಯ ಬಾಯಿಗೆ ಒರೆಸಿ, ಪ್ರೋಟೀನ್ ಚೌಕದ ಬಣ್ಣವನ್ನು 60 ಸೆಕೆಂಡಿಗೆ ನೋಡಬೇಕು. ಹಳದಿ ಹಾಗೇ ಉಳಿದರೆ ಸೋರಿಕೆ ಇಲ್ಲ. ಹಸಿರಿಗೆ ತಿರುಗಿದಷ್ಟೂ ಸೋರಿಕೆ ಹೆಚ್ಚು. ಒಂದು ಪ್ಲಸ್ ಎಂದರೆ ಡೆಸಿಲೀಟರ್‌ಗೆ ಸುಮಾರು 30 ಮಿಲಿಗ್ರಾಂ, ಎರಡು ಪ್ಲಸ್ 100, ಮೂರು ಪ್ಲಸ್ 300. ಐದು ನಿಮಿಷ ಬಿಟ್ಟು ನೋಡಿದರೆ ಬಣ್ಣ ಗಾಢವಾಗಿ ಇಲ್ಲದ ಪ್ಲಸ್ ಕಾಣಬಹುದು. ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು: ಮೇ ತಿಂಗಳ ಬಿಸಿಲಿಗೆ ಕಾದ ಕೋಣೆಯಲ್ಲಿ, ಮುಚ್ಚಳ ತೆರೆದಿಟ್ಟ ಬಾಟಲಿಯ ಪಟ್ಟಿಗಳು ಅವಧಿಗೆ ಮುಂಚೆಯೇ ಕೆಡುತ್ತವೆ. ಬಾಟಲಿ ನೆರಳಲ್ಲಿರಬೇಕು, ಒಂದು ಪಟ್ಟಿ ತೆಗೆದ ತಕ್ಷಣ ಮುಚ್ಚಳ ಬಿಗಿಯಬೇಕು.

ಒಂದು ಪ್ಲಸ್ ಅಥವಾ ಹೆಚ್ಚು ಬಂದರೆ, ಇಲ್ಲವೇ ರಕ್ತದ ಚೌಕ ಬಣ್ಣ ಬದಲಿಸಿದರೆ, ಲ್ಯಾಬಿನಲ್ಲಿ ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಮಾಡಿಸಬೇಕು. ಅದು 0.5 ದಾಟಿ, ಮತ್ತೆ ಮಾಡಿಸಿದಾಗಲೂ ಹಾಗೇ ಇದ್ದರೆ ಕಿಡ್ನಿ ಬಯಾಪ್ಸಿಯ ಮಾತು ಬರುತ್ತದೆ. ಇಲ್ಲಿ ಎಷ್ಟೋ ಕುಟುಂಬಗಳು ಹೆದರಿ ಹಿಂದೆ ಸರಿಯುತ್ತವೆ. ಬಯಾಪ್ಸಿ ಎಂದರೆ ಕಿಡ್ನಿ ಕೊಯ್ಯುವುದಲ್ಲ. ರೋಗಿಯನ್ನು ಬೋರಲು ಮಲಗಿಸಿ, ಬೆನ್ನಿನ ಆ ಜಾಗವನ್ನು ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತಲೇ ಸೂಜಿಯಿಂದ ದಾರದಷ್ಟು ತೆಳ್ಳನೆಯ ಒಂದೆರಡು ಎಳೆ ತೆಗೆಯುತ್ತಾರೆ. ರಕ್ತಸ್ರಾವದ ಮೇಲೆ ಕಣ್ಣಿಡಲು ಸಾಮಾನ್ಯವಾಗಿ ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಅದರ ವರದಿಯಲ್ಲಿ ಬರುವ ‘ಕ್ಲಾಸ್ 3, 4, 5’ ಎಂಬ, ಕಿಡ್ನಿಗೆ ಆದ ತೊಂದರೆಯ ಬಗೆಯನ್ನು ಹೇಳುವ ಮಾತಿನ ಮೇಲೆ ಚಿಕಿತ್ಸೆ ನಿಲ್ಲುತ್ತದೆ. 3 ಮತ್ತು 4ಕ್ಕೆ ತಡ ಮಾಡುವಂತಿಲ್ಲ. ದಿನಕ್ಕೆ 2ರಿಂದ 3 ಗ್ರಾಂ ಮೈಕೋಫಿನೊಲೇಟ್, ಇಲ್ಲವೇ ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ಸಲ ಸೈಕ್ಲೊಫಾಸ್ಫಮೈಡ್ ಡ್ರಿಪ್ (ಎರಡೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳು), ಜೊತೆಗೆ ಸ್ಟೆರಾಯ್ಡ್: ಇದು ಹೆಚ್ಚಾಗಿ ಅನುಸರಿಸುವ ದಾರಿ. ಸೋರಿಕೆ ಮೂರು ತಿಂಗಳಲ್ಲಿ ಕಾಲು ಭಾಗ, ಆರು ತಿಂಗಳಲ್ಲಿ ಅರ್ಧ ಇಳಿದು, ವರ್ಷದೊಳಗೆ 0.5–0.7ಕ್ಕಿಂತ ಕೆಳಗೆ ಬರಬೇಕೆಂಬುದು ಗುರಿ. ಔಷಧ ಕನಿಷ್ಠ ಮೂರು ವರ್ಷ ನಡೆಯುತ್ತದೆ. ಆರನೇ ತಿಂಗಳಿಗೆ ಬಾವು ಇಳಿಯಿತೆಂದು ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸಿದಾಗ, ಪ್ರತಿ ಸಲವೂ ಒಂದಿಷ್ಟು ಜರಡಿ ಶಾಶ್ವತವಾಗಿ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ.

ಇನ್ನು ಹೃದಯ. ಲೂಪಸ್ ರೋಗಿಗಳ ಸಾವು ಎರಡು ಕಾಲಘಟ್ಟದಲ್ಲಿ ಹೆಚ್ಚು ಎಂದು ಕೆನಡಾದ ಟೊರಾಂಟೊ ವೈದ್ಯರು 1976ರಲ್ಲೇ ತೋರಿಸಿದ್ದರು: ಆರಂಭದಲ್ಲಿ ಕಾಯಿಲೆಯ ಉಲ್ಬಣ ಮತ್ತು ಸೋಂಕಿನಿಂದ, ವರ್ಷಗಳ ನಂತರ ಹೃದಯಾಘಾತದಿಂದ. ಅಮೆರಿಕದ ಪಿಟ್ಸ್‌ಬರ್ಗ್‌ನ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ 35ರಿಂದ 44 ವರ್ಷದ ಲೂಪಸ್ ಮಹಿಳೆಯರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ 50 ಪಟ್ಟು ಮೀರಿತ್ತು. ಆ ವಯಸ್ಸಿನ ಆರೋಗ್ಯವಂತ ಮಹಿಳೆಯರಲ್ಲಿ ಹೃದಯಾಘಾತ ತೀರ ಅಪರೂಪ. ಪಟ್ಟು ಇಷ್ಟು ದೊಡ್ಡದಾಗಿ ಕಾಣಲು ಅದೂ ಒಂದು ಕಾರಣ. ಹಾಗೆಂದು ಅಲಕ್ಷಿಸುವಂತಿಲ್ಲ. 2003ರ ಇನ್ನೊಂದು ಅಧ್ಯಯನ ಕತ್ತಿನ ರಕ್ತನಾಳವನ್ನು ಸ್ಕ್ಯಾನ್ ಮಾಡಿ ನೋಡಿತು. ಲೂಪಸ್ ಇದ್ದವರಲ್ಲಿ ಶೇ 37 ಮಂದಿಗೆ, ಇಲ್ಲದವರಲ್ಲಿ ಶೇ 15 ಮಂದಿಗೆ ನಾಳದ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಕಟ್ಟಿತ್ತು.

ಏಕೆ ಹೀಗೆ? ವರ್ಷಗಟ್ಟಲೆ ಒಳಗೇ ಹೊಗೆಯಾಡುವ ಉರಿಯೂತ ರಕ್ತನಾಳದ ಒಳಪೊರೆಯನ್ನು ಸವೆಸುತ್ತದೆ. ಕಿಡ್ನಿ ಸೋರಿದರೆ ಬಿಪಿಯೂ ಕೊಲೆಸ್ಟರಾಲೂ ಏರುತ್ತವೆ. ಸ್ಟೆರಾಯ್ಡ್ ಶುಗರ್, ತೂಕ, ಬಿಪಿಗಳನ್ನು ಏರಿಸುತ್ತದೆ. ಇವುಗಳ ಮೇಲೆ, ಲೂಪಸ್ ಇರುವವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯ ಇರುತ್ತದೆ. ಇದನ್ನು ಕಾಯಿಲೆ ಗೊತ್ತಾದಾಗ ಒಮ್ಮೆ, ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಎರಡೂ ಸಲ ಬಂದರೆ ದಿನಕ್ಕೆ 75 ಮಿಲಿಗ್ರಾಂ ಆಸ್ಪಿರಿನ್ ಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಈಗಾಗಲೇ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ವಾರ್ಫರಿನ್.

ಲೂಪಸ್ ಇರುವ ಹೆಣ್ಣುಮಗಳು ‘ಎದೆ ನೋವು’ ಎಂದರೆ ‘ಗ್ಯಾಸ್’, ‘ಟೆನ್ಷನ್’ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಚುಚ್ಚಿದಂಥ ನೋವು, ಉಸಿರೆಳೆದಾಗ ಮತ್ತು ಅಂಗಾತ ಮಲಗಿದಾಗ ಹೆಚ್ಚಾಗಿ, ಎದ್ದು ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುತ್ತಿದ್ದರೆ ಅದು ಹೃದಯದ ಹೊರಪೊರೆಯ ಉರಿಯೂತ ಇರಬಹುದು. ಲೂಪಸ್ ಹೃದಯಕ್ಕೆ ಕೊಡುವ ತೊಂದರೆಗಳಲ್ಲಿ ಇದೇ ಹೆಚ್ಚು ಸಾಮಾನ್ಯ, ಚಿಕಿತ್ಸೆಗೂ ಬಗ್ಗುತ್ತದೆ. ಎದೆಯ ಮೇಲೆ ಭಾರ ಹೇರಿದಂತಾಗಿ, ದವಡೆಗೋ ತೋಳಿಗೋ ಬೆನ್ನಿಗೋ ಹರಡಿ, ಬೆವರು, ವಾಕರಿಕೆ ಬಂದರೆ ಹೃದಯಾಘಾತ ಎಂದೇ ಭಾವಿಸಬೇಕು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲು ಹೋಗಬೇಡಿ, 108ಕ್ಕೆ ಕರೆ ಮಾಡಿ. ದವಾಖಾನೆಗೆ ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿ ಇದ್ದರೂ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೊನಿನ್ ರಕ್ತ ಪರೀಕ್ಷೆ ಮಾಡದೆ ಮನೆಗೆ ಕಳಿಸಬಾರದು. ‘ನನಗೆ ಲೂಪಸ್ ಇದೆ’ ಎಂಬ ಮಾತನ್ನು ರೋಗಿ ಮೊದಲೇ ಹೇಳಬೇಕು. ವಯಸ್ಸು 32 ಎಂಬ ಒಂದೇ ಕಾರಣಕ್ಕೆ ತುರ್ತು ವಿಭಾಗದವರೂ ಹೃದಯವನ್ನು ಪಟ್ಟಿಯಿಂದ ತೆಗೆಯಬಾರದು. ಕವಾಟ ದಪ್ಪಗಾಗುವುದು, ಶ್ವಾಸಕೋಶದ ರಕ್ತನಾಳದ ಒತ್ತಡ ಏರುವುದು ಕೂಡ ಲೂಪಸ್‌ನಲ್ಲಿ ಉಂಟು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಎಕೊ (ಹೃದಯದ ಸ್ಕ್ಯಾನ್) ಮಾಡಿಸಬೇಕು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇರುವುದು ಈ ಭಾಗದ ರೋಗಿಗಳಿಗೆ ದೊಡ್ಡ ಅನುಕೂಲ.

ಹೃದಯ, ಕಿಡ್ನಿ ಎರಡಕ್ಕೂ ಬಿಪಿ 130/80ಕ್ಕಿಂತ ಕೆಳಗಿರಬೇಕು. ಅಳೆಯುವಾಗ ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಇಡಬೇಕು. ಅರ್ಧ ತಾಸಿನಿಂದ ಚಹಾ ಕುಡಿದಿರಬಾರದು. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ಇದ್ದುದಕ್ಕಿಂತ ಕಡಿಮೆ ತೋರುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಗುಳಿಗೆಗಳು ಬಿಪಿಯ ಜೊತೆಗೆ ಪ್ರೋಟೀನ್ ಸೋರಿಕೆಯನ್ನೂ ತಗ್ಗಿಸುತ್ತವೆ; ಗರ್ಭಿಣಿಯರಿಗೆ ಮಾತ್ರ ಅವು ಬೇಡ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ನಮ್ಮ ಜೋಳದ ರೊಟ್ಟಿಯಲ್ಲಿ ಉಪ್ಪಿನ ತೊಂದರೆ ಇಲ್ಲ. ಅದರ ಪಕ್ಕಕ್ಕೆ ಬರುವ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿದೆ. ತಂಬಾಕನ್ನು ಸೇದುವುದು, ಅಗಿಯುವುದು, ಹಲ್ಲಿಗೆ ತಿಕ್ಕುವುದು ಮೂರೂ ನಿಲ್ಲಬೇಕು.

ಸ್ಟೆರಾಯ್ಡ್ ಬಗ್ಗೆ ಬಿಚ್ಚಿ ಹೇಳಲೇಬೇಕು. ಉಲ್ಬಣದ ಹೊತ್ತಿನಲ್ಲಿ ಅದು ಜೀವ ಉಳಿಸುವ ಔಷಧ. ಆದರೆ ಕೀಲು ನೋವಿಗೆಂದು ಹಳೆಯ ಚೀಟಿ ತೋರಿಸಿ, ಇಲ್ಲವೇ ಚೀಟಿಯೇ ಇಲ್ಲದೆ, ಮೆಡಿಕಲ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಕೊಳ್ಳುವವರಿದ್ದಾರೆ. ಹಸಿವು ಹೆಚ್ಚುತ್ತದೆ, ಮೈ ತುಂಬಿಕೊಳ್ಳುತ್ತದೆ, ನೋವು ಮಾಯವಾಗುತ್ತದೆ, ಆದ್ದರಿಂದ ಬಿಡಲು ಮನಸ್ಸಾಗುವುದಿಲ್ಲ. ಒಳಗೆ ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಶುಗರ್ ಏರುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಅದು ಸಾಯಲೂಬಹುದು. ತೊಡೆಸಂದಿಯಲ್ಲಿ ಹೊಸ ನೋವು, ಕುಂಟು ನಡಿಗೆ ಬಂದರೆ ಎಕ್ಸ್‌ರೇ ಸರಿ ಇದೆ ಎಂದು ಸುಮ್ಮನಾಗಬಾರದು. ಮೊದಲ ಹಂತ ಎಂಆರ್‌ಐನಲ್ಲಷ್ಟೇ ಕಾಣುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲೆ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಬೇಕು, ಸಾಧ್ಯವಾದರೆ ನಿಲ್ಲಿಸಬೇಕು ಎಂದು ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ 2023ರ ಮಾರ್ಗಸೂಚಿ ಹೇಳುತ್ತದೆ. ಆದರೆ ಇದನ್ನು ಓದಿ ಯಾರೂ ಇವತ್ತೇ ಗುಳಿಗೆ ಬಿಸಾಡಬೇಡಿ. ಕೆಲವು ವಾರ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ವಾಂತಿ, ನಿಶ್ಶಕ್ತಿ, ಬಿಪಿ ಕುಸಿತ ಬಂದು ಪ್ರಾಣಕ್ಕೇ ಕುತ್ತು. ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ಆ ಹೊತ್ತಿಗೆ ನಿಂತಿರುವುದೇ ಕಾರಣ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ನೋವಿನ ಗುಳಿಗೆಗೂ ಇದೇ ಎಚ್ಚರ: ಡೈಕ್ಲೊಫೆನಾಕ್‌ನಂಥವು ಲೂಪಸ್ ಕಿಡ್ನಿಗೆ ಇನ್ನೊಂದು ಪೆಟ್ಟು. ಸೊಂಟಕ್ಕೆ ಸೂಜಿ ಮಾಡಿಸಿಕೊಳ್ಳುವ ಮುಂಚೆ ಅದರಲ್ಲಿ ಏನಿದೆ ಎಂದು ಕೇಳಿ, ಬರೆಸಿಕೊಳ್ಳಿ.

ಬಿಡಬಾರದ ಗುಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್. ಕೋವಿಡ್ ಶುರುವಾದ 2020ರಲ್ಲಿ ಊರೆಲ್ಲ ಅದನ್ನೇ ಹುಡುಕಿದಾಗ ಲೂಪಸ್ ರೋಗಿಗಳಿಗೇ ಅದು ಸಿಗದಾಗಿತ್ತು. ಉಲ್ಬಣ ಕಡಿಮೆ ಮಾಡುವುದು, ಹೆಪ್ಪುಗಟ್ಟುವುದನ್ನು ತಗ್ಗಿಸುವುದು, ಅಂಗಹಾನಿ ತಡೆಯುವುದು ಮೂರರಲ್ಲೂ ಅದರ ಪಾಲಿದೆ. ಪ್ರಮಾಣ ತೂಕದ ಮೇಲೆ: ಕಿಲೊಗೆ ದಿನಕ್ಕೆ 5 ಮಿಲಿಗ್ರಾಂ. 40 ಕಿಲೊ ಇದ್ದವರಿಗೆ 200 ಮಿಲಿಗ್ರಾಂನ ಒಂದು ಗುಳಿಗೆ. 60 ಕಿಲೊ ಇದ್ದವರಿಗೆ 300, ಅಂದರೆ ಒಂದು ದಿನ ಒಂದು, ಮರುದಿನ ಎರಡು. ಎಲ್ಲರಿಗೂ ಕಣ್ಣುಮುಚ್ಚಿ 400 ಬರೆಯುವುದು ತಪ್ಪು. ‘ಕಣ್ಣು ಹೋಗುತ್ತದೆ’ ಎಂಬ ಹೆದರಿಕೆಯಿಂದ ಬಿಡುವವರು ಬಹಳ. ಈ ಪ್ರಮಾಣದಲ್ಲಿ ಮೊದಲ ಹತ್ತು ವರ್ಷದಲ್ಲಿ ಅಕ್ಷಿಪಟಲಕ್ಕೆ ತೊಂದರೆಯಾಗುವ ಸಂಭವ ಶೇ 2ಕ್ಕಿಂತ ಕಡಿಮೆ. 20 ವರ್ಷ ದಾಟಿದ ಮೇಲೆ ಅದು ಏರುತ್ತದೆ. ಆದ್ದರಿಂದ ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ಪರೀಕ್ಷೆ. ಕಿಡ್ನಿ ಕೆಟ್ಟಿದ್ದರೆ ಇನ್ನೂ ಬೇಗ. ಈ ಔಷಧ ದೇಹದಿಂದ ನಿಧಾನವಾಗಿ ಇಳಿಯುವುದರಿಂದ, ಬಿಟ್ಟ ವಾರ ಏನೂ ಅನಿಸುವುದಿಲ್ಲ. ತಿಂಗಳುಗಳ ನಂತರ ಕಾಯಿಲೆ ಕೆರಳುತ್ತದೆ. ಆಗ ಯಾರೂ ಗುಳಿಗೆ ಬಿಟ್ಟಿದ್ದನ್ನು ನೆನೆಯುವುದಿಲ್ಲ.

ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಜೀವಕೋಶಗಳನ್ನು ಒಡೆದು ಕಾಯಿಲೆ ಕೆರಳಿಸುತ್ತದೆ. ಬೇಸಿಗೆಯಲ್ಲಷ್ಟೇ ಅಲ್ಲ, ಡಿಸೆಂಬರ್–ಜನವರಿಯ ತೊಗರಿ ರಾಶಿಯ ಹೊತ್ತಿನಲ್ಲೂ ನಡುಮಧ್ಯಾಹ್ನದ ಬಿಸಿಲಿಗೆ ಆ ಶಕ್ತಿ ಇದೆ. ಹತ್ತಿ ಬಿಡಿಸುವ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವ ರೂಢಿ ಇದಕ್ಕೆ ಬಹಳ ಒಳ್ಳೆಯದು. ಅದರ ಜೊತೆ ತಲೆ, ಕೆನ್ನೆ ಮುಚ್ಚುವ ದಟ್ಟ ನೇಯ್ಗೆಯ ಬಟ್ಟೆ, ಬೆಳಿಗ್ಗೆ 10ರಿಂದ 4ರವರೆಗೆ ನೆರಳಿನ ಕೆಲಸ. ಸನ್‌ಸ್ಕ್ರೀನ್ ಕೊಳ್ಳುವ ಶಕ್ತಿ ಇದ್ದರೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನದು. ಬಿಸಿಲು ತಪ್ಪಿಸುವವರಿಗೆ ವಿಟಮಿನ್ ಡಿ ಕೊರತೆ ಬರುವುದರಿಂದ ಅದನ್ನು ಪರೀಕ್ಷಿಸಿ ಗುಳಿಗೆ ಪಡೆಯಬೇಕು.

ಮದುವೆ ನಿಶ್ಚಯವಾದಾಗ ಕಾಯಿಲೆ ಮುಚ್ಚಿಡುವುದು, ಗಂಡನ ಮನೆಯಲ್ಲಿ ಗುಳಿಗೆ ನುಂಗಲು ಅಂಜಿ ಬಿಡುವುದು ನಮ್ಮಲ್ಲಿ ನಡೆಯುತ್ತಲೇ ಇದೆ. ಅದರ ಬೆಲೆ ತೆರುವುದು ಆ ಹುಡುಗಿಯ ಕಿಡ್ನಿ. ಲೂಪಸ್ ಇದ್ದವರು ತಾಯಿಯಾಗಬಹುದು. ಕಾಯಿಲೆ ಆರು ತಿಂಗಳಾದರೂ ಶಾಂತವಾಗಿರಬೇಕು. ಮೈಕೋಫಿನೊಲೇಟ್ ಭ್ರೂಣಕ್ಕೆ ಅಪಾಯ, ಗರ್ಭಧಾರಣೆಗೆ ಕನಿಷ್ಠ ಆರು ವಾರ ಮೊದಲೇ ಅದನ್ನು ಅಜಥಯೊಪ್ರಿನ್‌ನಂಥದ್ದಕ್ಕೆ ಬದಲಿಸಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಗರ್ಭಿಣಿಯಾಗಿದ್ದಾಗಲೂ ಮುಂದುವರಿಯಬೇಕು. ತಾಯಿಯ ರಕ್ತದಲ್ಲಿ ಆಂಟಿ–ರೊ ಪ್ರತಿಕಾಯ ಇದ್ದರೆ ನೂರರಲ್ಲಿ ಸುಮಾರು ಇಬ್ಬರು ಶಿಶುಗಳಿಗೆ ಹೃದಯದ ಬಡಿತ ತಡೆಯಾಗುವ ತೊಂದರೆ ಬರುತ್ತದೆ. ಹೀಗಾಗಿ 18ರಿಂದ 26ನೇ ವಾರದೊಳಗೆ ಭ್ರೂಣದ ಎಕೊ ಬೇಕು.

ಹಣದ ಬಗ್ಗೆ ಒಂದು ಮಾತು. ಎಎನ್‌ಎ ಪರೀಕ್ಷೆ ಕಾಯಿಲೆ ಗುರುತಿಸಲು ಒಮ್ಮೆ ಸಾಕು, ಮತ್ತೆ ಮತ್ತೆ ಮಾಡಿಸುವುದು ವ್ಯರ್ಥ ಖರ್ಚು. ಆ ದುಡ್ಡನ್ನು ಮೂರು ತಿಂಗಳಿಗೊಮ್ಮೆ ಮೂತ್ರ, ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆಗೆ, ವರ್ಷಕ್ಕೊಮ್ಮೆ ಕೊಲೆಸ್ಟರಾಲ್, ಶುಗರ್‌ಗೆ ಇಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವಾಗ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಈಗ ಸರ್ಕಾರಕ್ಕೆ. ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ನಡೆಯುವುದು 30 ವರ್ಷ ದಾಟಿದವರಿಗೆ. ಲೂಪಸ್ ಕಿಡ್ನಿಗೆ ಕೈ ಹಾಕುವುದು ಹೆಚ್ಚಾಗಿ ಇಪ್ಪತ್ತರ ಹರೆಯದಲ್ಲಿ; ಹೀಗಾಗಿ ಯಾರಿಗೆ ತಪಾಸಣೆ ಅತಿ ಅಗತ್ಯವೋ ಅವರೇ ಪಟ್ಟಿಯ ಹೊರಗೆ ಉಳಿಯುತ್ತಾರೆ. ಲೂಪಸ್ ಎಂದು ಗೊತ್ತಾದ ಯಾರನ್ನೇ ಆಗಲಿ ವಯಸ್ಸು ನೋಡದೆ ಈ ತಪಾಸಣೆಯ ನೋಂದಣಿಗೆ ಸೇರಿಸಬೇಕು. ಆಶಾ ಕಾರ್ಯಕರ್ತೆಯರು ಮೂರು ತಿಂಗಳಿಗೊಮ್ಮೆ ಅವರನ್ನು ಮೂತ್ರ ಮತ್ತು ಬಿಪಿ ಪರೀಕ್ಷೆಗೆ ಕರೆತರುವಂತಾಗಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ಆಳಂದ, ಔರಾದ, ಸುರಪುರದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳು ತಪ್ಪದೆ ಸಿಗಬೇಕು. ಲೂಪಸ್‌ಗೆಂದು ಹೈದರಾಬಾದ್, ಸೊಲ್ಲಾಪುರದ ರೈಲು ಹತ್ತುವ ಕುಟುಂಬಗಳಿಗೆ ಕೂಲಿಯೂ ಹೋಗುತ್ತದೆ, ಪ್ರಯಾಣದ ಖರ್ಚೂ ಬೀಳುತ್ತದೆ, ಎರಡು ಭೇಟಿಯ ನಂತರ ಚಿಕಿತ್ಸೆಯೇ ನಿಲ್ಲುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ವಾರಕ್ಕೊಂದು ದಿನವಾದರೂ ಸಂಧಿವಾತ ತಜ್ಞರ ಹೊರರೋಗಿ ವಿಭಾಗ ನಡೆಸುವುದು ಅಸಾಧ್ಯವೇನಲ್ಲ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು, ಮೂರು ಸಲ ತಲಾ ನಾಲ್ಕು ತಾಸಿನ ಡಯಾಲಿಸಿಸ್‌ಗೆ ಸರ್ಕಾರ ಹಣ ಕೊಡುತ್ತಿದೆ, ಕೊಡಲೇಬೇಕು. ಅದಕ್ಕೂ ಹತ್ತು ವರ್ಷ ಮೊದಲು ಬೇಕಾಗುವ ಮೂತ್ರ ಪರೀಕ್ಷೆಯ ಪಟ್ಟಿಗಳ ಒಂದು ಬಾಟಲಿಗೂ ಅದೇ ಬಜೆಟ್‌ನಲ್ಲಿ ಜಾಗವಿರಲಿ. ಮುಂಬರುವ ಮೇ 10ರ ವಿಶ್ವ ಲೂಪಸ್ ದಿನದ ಹೊತ್ತಿಗೆ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಈ ನೋಂದಣಿ ಶುರು ಮಾಡಬೇಕೆಂದು ಕೋರುತ್ತೇವೆ.

— ಇಬ್ಬರು ವೈದ್ಯರು, ಕಲಬುರಗಿ